ಹಡಗಿನ ಗೌಡರ ರೆಕಾರ್ಡು

ಹಡಗಿನ ಗೌಡರ ಮನೆಯಿಂದ ಆ ರೆಕಾರ್ಡನ್ನು ತೆಗೆದುಕೊಂಡು ಹೋದವನು ನಾನು. ಸಿದ್ದರಾಜು ಅಲ್ಲ. ಇಷ್ಟು ಹೇಳಲು ನನಗೆ ಇಪ್ಪತ್ತಾರು ವರ್ಷ ಬೇಕಾಯಿತು — ಬೇಕಾಯಿತು ಎನ್ನುವುದೂ ಸುಳ್ಳೇ. ಹೇಳದೆ ಇರುವುದು ಸುಲಭವಾಗಿತ್ತು, ಸುಮ್ಮನಿದ್ದೆ.

ಆಗ ನಾನು ಮಳವಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಮನೆ ಮಂಡ್ಯದ ಗುತ್ತಲಿನಲ್ಲಿ. ಭಾನುವಾರ ಬಂತೆಂದರೆ ಸ್ಕೂಟರ್ ಹತ್ತಿ ಮದ್ದೂರಿಗೆ, ಪುಟ್ಟಸ್ವಾಮಿಗೌಡರ ಮನೆಗೆ ಹೋಗುತ್ತಿದ್ದೆ. ಗೌಡರು ಹರೆಯದಲ್ಲಿ ಸರಕು ಹಡಗಿನ ರೇಡಿಯೊ ಕೋಣೆಯಲ್ಲಿ ಕೆಲಸ ಮಾಡಿ, ದೇಶದೇಶ ಸುತ್ತಿ, ಕಡೆಗೆ ಊರಿಗೆ ಮರಳಿ ಕಬ್ಬು ಬೆಳೆಯುತ್ತಿದ್ದವರು. ಮದ್ದೂರಿನವರಿಗೆ ಅವರು ಹಡಗಿನ ಗೌಡರು. ಬರುವಾಗ ಯಾವುದೋ ಬಂದರಿನಲ್ಲಿ ಕೊಂಡ ಒಂದು ರೆಕಾರ್ಡ್ ಪ್ಲೇಯರನ್ನೂ ಮೂವತ್ತು ನಲವತ್ತು ರೆಕಾರ್ಡುಗಳನ್ನೂ ತಂದಿದ್ದರು. ಅವುಗಳಲ್ಲಿ ನಮಗೆ ಬೇಕಾಗಿದ್ದದ್ದು ಒಂದೇ.

ಅದು ಅಮೆರಿಕದ ಐದು ಜನ ಸೇರಿ ನುಡಿಸಿದ ಜಾಝ್. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಗೊತ್ತಾಗುತ್ತದೆ, ಕೇಳದವರಿಗೆ ಹೆಸರು ಹೇಳಿ ಆಗಬೇಕಾದದ್ದೇನಿಲ್ಲ. ಹಾಡಿಲ್ಲ, ಮಾತಿಲ್ಲ. ದಪ್ಪ ತಂತಿಯ ವಾದ್ಯವೊಂದು ಮೆಲ್ಲಗೆ ನಡೆಯುತ್ತಾ ಬರುತ್ತದೆ, ಅದರ ಹಿಂದೆ ಟ್ರಂಪೆಟ್ಟು — ಯಾರನ್ನೋ ಎಬ್ಬಿಸಲು ಮನಸ್ಸಿಲ್ಲದವನು ಬಾಗಿಲು ತಟ್ಟಿದ ಹಾಗೆ. ನಾವು ಐದಾರು ಜನ ಪ್ರತಿ ಭಾನುವಾರ ಹತ್ತು ಗಂಟೆಗೆ ಗೌಡರ ಪಡಸಾಲೆಯಲ್ಲಿ ಕೂತು ಎರಡೂ ಬದಿ ಕೇಳಿ ಏಳುತ್ತಿದ್ದೆವು. ಹಲ್ಲಿನ ಡಾಕ್ಟರೊಬ್ಬರು ಜ್ವರವಿದ್ದರೂ ಕಂಬಳಿ ಹೊದ್ದು ಬರುತ್ತಿದ್ದರು. ನನ್ನ ಮೊದಲ ಮಗು ತೀರಿಕೊಂಡ ವಾರ ನಾನು ಯಾರ ಮನೆಗೂ ಹೋಗಲಿಲ್ಲ, ಅಲ್ಲಿಗೆ ಹೋದೆ. ಯಾರೂ ಸಮಾಧಾನ ಹೇಳಲಿಲ್ಲ. ಗೌಡರು ಎದ್ದು ರೆಕಾರ್ಡು ಹಾಕಿದರು, ಅಷ್ಟೇ. ಅಂಥ ರೆಕಾರ್ಡದು.

ಗೌಡರ ಮಗಳು ಶಾರದಾಳ ಮದುವೆಗೆ ಕಿರುಗಾವಲಿನ ಪಕ್ಕದ ಹಳ್ಳಿಯಿಂದ ಬ್ಯಾಂಡ್‌ಸೆಟ್ಟು ಬಂದಿತ್ತು. ಯಜಮಾನ ದೊಡ್ಡಯ್ಯ. ಅವನ ಮಗ ಸಿದ್ದರಾಜು ಕ್ಲಾರಿನೆಟ್ಟು ನುಡಿಸುತ್ತಿದ್ದ. ಮೆರವಣಿಗೆಯಲ್ಲಿ ಅದನ್ನು ಕೇಳಿದ ಗೌಡರು, "ಭಾನುವಾರ ಬಾರಪ್ಪ, ನಿಂಗೊಂದ್ ಕೇಳಿಸ್ತೀನಿ" ಎಂದರು. ಅವನು ಬಂದ. ಬರುತ್ತಲೇ ಇದ್ದ. ಗೌಡರು ಕುರ್ಚಿ ತೋರಿಸುತ್ತಿದ್ದರು. ಅವನು ಬಾಗಿಲ ಬಳಿ ನೆಲದ ಮೇಲೆಯೇ ಕೂರುತ್ತಿದ್ದ. ಅವರದು ಊರಿನ ಆಚೆ ಕೇರಿ, ಮನೆಯಲ್ಲಿ ಬುದ್ಧನ ಫೋಟೊ ಇಟ್ಟುಕೊಂಡಿದ್ದ ಜನ. ನಾವೆಲ್ಲ ಒಕ್ಕಲಿಗರು, ಅಥವಾ ಅದಕ್ಕೂ ಮೇಲಿನವರೆಂದುಕೊಂಡವರು. ಅವನು ಕೆಳಗೆ ಕೂತದ್ದು ನನಗೆ ಯಾವತ್ತೂ ವಿಚಿತ್ರವಾಗಿ ಕಾಣಲಿಲ್ಲ — ಅದನ್ನೂ ಇಲ್ಲಿ ಬರೆಯಬೇಕು.

ಒಂದು ಭಾನುವಾರ ಅವನು ಕ್ಲಾರಿನೆಟ್ಟು ತಂದಿದ್ದ. ಎರಡನೆಯ ಬದಿ ಅರ್ಧವಾಗುವಾಗ, ಗೌಡರ ಮುಖ ನೋಡಿ, ಟ್ರಂಪೆಟ್ಟಿನ ಕೆಳಗೆ ತಾನೂ ಸೇರಿಕೊಂಡ. ಎರಡು ನಿಮಿಷವಿರಬಹುದು. ರೆಕಾರ್ಡಿನಲ್ಲಿ ಆರನೆಯವನೊಬ್ಬ ಮೊದಲಿನಿಂದಲೂ ಇದ್ದು, ನಮಗೆ ಮಾತ್ರ ಕೇಳಿಸಿರಲಿಲ್ಲವೇನೋ ಅನ್ನಿಸಿತು. ಗೌಡರು ಕಣ್ಣೊರೆಸಿಕೊಂಡರು. "ಇಷ್ಟು ವರ್ಷ ನಾವೆಲ್ಲ ಕೇಳಿದ್ವಿ. ಇವನೊಬ್ಬನಿಗೆ ಕೇಳಿಸ್ತು ಕಣ್ರಯ್ಯ" ಎಂದರು.

ಆ ಮಾತು ನನಗೆ ತಾಗಿತು. ಒಂಬತ್ತು ವರ್ಷದಿಂದ ಆ ಪಡಸಾಲೆಯಲ್ಲಿ ಸಂಗೀತ ವಿವರಿಸುತ್ತಿದ್ದವನು ನಾನು. ಸ್ವರ, ಕಂಪನ, ತರಂಗ ಎಂದು ಏನೇನೋ ಹೇಳುತ್ತಿದ್ದೆ, ಎಲ್ಲರೂ ತಲೆದೂಗುತ್ತಿದ್ದರು. ಅದೇ ದಿನ ಗೌಡರು ಇನ್ನೊಂದು ಮಾತು ಹೇಳಿದರು. ತಮಗೆ ಪರಿಚಯವಿದ್ದ ವಸತಿ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರ ಕೆಲಸ ಖಾಲಿಯಿದೆ, ಸಿದ್ದರಾಜುವಿಗೆ ಅದನ್ನು ಕೊಡಿಸುತ್ತೇನೆ ಎಂದು.

ಮುಂದಿನ ಭಾನುವಾರ ಎಲ್ಲರೂ ಹೊರಟ ಮೇಲೆ ಗೌಡರು ಹಿತ್ತಲಿಗೆ ಹೋದರು. ನಾನು ರೆಕಾರ್ಡನ್ನು ಅದರ ಕವರಿನಿಂದ ತೆಗೆದು, ಕವರನ್ನು ಮಾತ್ರ ವಾಪಸ್ಸು ಇಟ್ಟು, ಚೀಲಕ್ಕೆ ಹಾಕಿಕೊಂಡೆ. ಒಂದು ವಾರ ಒಬ್ಬನೇ ಕೇಳಬೇಕು, ಅವನಿಗೆ ಕೇಳಿಸಿದ್ದು ನನಗೂ ಕೇಳಿಸಬೇಕು, ಆಮೇಲೆ ತಂದಿಡಬೇಕು — ಹಾಗೆಂದುಕೊಂಡೆ. ನಿಜವಾಗಿ ಹಾಗೆಂದುಕೊಂಡಿದ್ದೆನೋ, ಅವನ ಕೈಗೆ ಅದು ಸಿಗಬಾರದು ಎಂದಷ್ಟೇ ಇತ್ತೋ… ಈಗ ಪ್ರಮಾಣ ಮಾಡಿ ಹೇಳಲಾರೆ.

ದಾರಿಯಲ್ಲಿ ನೆಂಟರ ಮನೆಯ ನಾಮಕರಣವಿತ್ತು. ಚೀಲವನ್ನು ಸ್ಕೂಟರಿಗೆ ನೇತುಹಾಕಿ ಊಟಕ್ಕೆ ಹೋದೆ. ಏಪ್ರಿಲ್ ತಿಂಗಳ ಬಿಸಿಲು. ಎರಡು ಗಂಟೆ ಬಿಟ್ಟು ಬಂದು ನೋಡಿದರೆ ರೆಕಾರ್ಡು ಕಾದ ಹೆಂಚಿನ ಮೇಲಿನ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಬಿಸಿಲಿಗೆ ಏನಾಗುತ್ತದೆಂದು ಮಕ್ಕಳಿಗೆ ಪಾಠ ಮಾಡುವವನು ನಾನು! ಮನೆಗೆ ಹೋಗುವ ಮೊದಲು ನಾಲೆಯ ಏರಿಯ ಮೇಲೆ ನಿಂತು, ಮೊಣಕಾಲಿಗೆ ಒತ್ತಿ ಮುರಿದು, ಚೂರುಗಳನ್ನು ನೀರಿಗೆ ಹಾಕಿದೆ.

ಮರುವಾರ ಗೌಡರು ಕವರು ತೆಗೆದರೆ ಬರಿದು. ಸಿದ್ದರಾಜು ಅಂದು ಬಂದಿರಲಿಲ್ಲ. ಮದುವೆಯ ಕಾಲ, ಎಲ್ಲೋ ಮೆರವಣಿಗೆಯಲ್ಲಿದ್ದ. ಗೌಡರು ಒಬ್ಬೊಬ್ಬರ ಮುಖವನ್ನೂ ನೋಡಿದರು. ನನ್ನ ಮುಖಕ್ಕೆ ಬಂದಾಗ ನಾನು ಹೇಳಿದೆ:

"ಸಿದ್ದರಾಜು ಮನೆಗೆ ತಗೊಂಡ್ ಹೋಗ್ಲಾ ಅಂತ ಹೋದ ತಿಂಗಳು ಕೇಳಿದ್ನಲ್ಲ?"

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವನು ಕೇಳಿದ್ದು ನಿಜ, ಗೌಡರು "ಇಲ್ಲೇ ಬಂದ್ ಕೇಳು" ಎಂದಿದ್ದೂ ನಿಜ. ಆ ನಿಜವನ್ನು ಹಿಡಿದು ಒಬ್ಬ ಮನುಷ್ಯನನ್ನು ಮುಗಿಸಿದೆ. ಮತ್ತೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಹಲ್ಲಿನ ಡಾಕ್ಟರನ್ನೂ ಕೇಳಲಿಲ್ಲ. ಒಂದು ಹೆಸರು ಸಿಕ್ಕಿದ್ದೇ ಎಲ್ಲರಿಗೂ ಎಷ್ಟು ಬೇಗ ಸಾಕಾಯಿತು!

ಗೌಡರು ಹೇಳಿಕಳಿಸಿದರು. ದೊಡ್ಡಯ್ಯ ಮಗನನ್ನು ಕರೆದುಕೊಂಡು ಬಂದು ಅಂಗಳದಲ್ಲಿ ನಿಂತ. ನಾವು ಜಗುಲಿಯ ಮೇಲೆ ಕುರ್ಚಿಗಳಲ್ಲಿದ್ದೆವು.

"ತಗ್ದಿದ್ರೆ ಕೊಟ್ಬುಡ್ಲಾ" ಎಂದ ದೊಡ್ಡಯ್ಯ.

"ನಾನ್ ತಗ್ದಿಲ್ಲ ಕಣಪ್ಪ."

"ದೊಡ್ಡೋರು ಸುಮ್ಸುಮ್ನೆ ಯೋಳ್ತಾರೇನ್ಲಾ?"

"ತಗ್ದಿಲ್ಲ ಅಂದ್ನಲ್ಲಪ್ಪ."

ದೊಡ್ಡಯ್ಯ ಕಾಲಿನ ಚಪ್ಪಲಿ ಕಳಚಿ ಮಗನ ಮುಖಕ್ಕೆ ಹೊಡೆದ. ಮೂರು ಸಲ. ಹೊಡೆಯುತ್ತಾ ಅವನು ನೋಡುತ್ತಿದ್ದದ್ದು ಮಗನನ್ನಲ್ಲ, ನಮ್ಮನ್ನು. ಸಾಕೋ, ಇನ್ನೂ ಬೇಕೋ ಎಂದು ಕೇಳುವಂತೆ. ಸಿದ್ದರಾಜುವಿನ ತುಟಿ ಒಡೆಯಿತು. ಗೌಡರು, "ಹೋಗ್ಲಿ ಬುಡು ದೊಡ್ಡಯ್ಯ. ಇನ್ಮೇಲೆ ಅವನು ಈ ಕಡೆ ಬರೋದ್ ಬೇಡ" ಎಂದು ಒಳಗೆ ಎದ್ದುಹೋದರು. ನಾನು ಕೂತೇ ಇದ್ದೆ. ತೆಗೆದವನು ನಾನು ಎಂದುಬಿಡಬಹುದಿತ್ತು. ಆಗಲೂ… ಇಲ್ಲ, ಅನ್ನಲಿಲ್ಲ.

ಶಾಲೆಯ ಕೆಲಸದ ಮಾತು ಅಲ್ಲಿಗೇ ನಿಂತಿತು. ಮದುವೆಮನೆ ಎಂದರೆ ಒಡವೆ, ರೇಷ್ಮೆಸೀರೆ ಇರುವ ಜಾಗ. ಕದಿಯುವವನಿರುವ ಸೆಟ್ಟನ್ನು ಯಾರು ಕರೆಯುತ್ತಾರೆ? ಎರಡು ವರ್ಷದಲ್ಲಿ ದೊಡ್ಡಯ್ಯನ ಸೆಟ್ಟು ಒಡೆದುಹೋಯಿತು. ಸಿದ್ದರಾಜು ಆಲೆಮನೆಗೆ ಸೇರಿದನೆಂದು ಕೇಳಿದೆ. ಅಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಎಡಗೈಯ ಎರಡು ಬೆರಳು ಹೋದವೆಂದೂ ಕೇಳಿದೆ. ನಾನು ಮಳವಳ್ಳಿಯಲ್ಲಿ ಪಾಠ ಮಾಡುತ್ತಿದ್ದ ದಿನಗಳು. ಅವನ ಊರು ಅಲ್ಲಿಗೆ ದೂರವೇನಲ್ಲ. ಹೋಗಲಿಲ್ಲ.

ಗೌಡರು ತೀರಿಕೊಂಡು ಆರು ವರ್ಷವಾಯಿತು. ಹೋದ ತಿಂಗಳು ಶಾರದಾ ಫೋನು ಮಾಡಿದಳು. ಆ ರೆಕಾರ್ಡು ಈಗ ಮತ್ತೆ ಹೊಸದಾಗಿ ಬರುತ್ತದಂತೆ, ತರಿಸಿದ್ದಾಳಂತೆ. "ಅಪ್ಪನ ತಿಥಿ ಆದ್ಮೇಲಿನ ಭಾನುವಾರ ಹಳಬರೆಲ್ಲ ಸೇರಿ ಕೇಳೋಣ ಸಾರ್. ಅದರ ಬಗ್ಗೆ ನೀವು ನಾಲ್ಕು ಮಾತಾಡ್ಬೇಕು. ಆ ಬ್ಯಾಂಡಿನವನು ಕದ್ದಮೇಲೆ ಅಪ್ಪ ಬೇರೆ ರೆಕಾರ್ಡನ್ನೂ ಮುಟ್ಟಲಿಲ್ಲ, ಗೊತ್ತಾ?"

ಆ ಬ್ಯಾಂಡಿನವನು. ಅವಳ ಬಾಯಲ್ಲಿ ಅವನ ಹೆಸರೂ ಬರಲಿಲ್ಲ, ಕಳ್ಳತನ ಮಾತ್ರ ಉಳಿದಿತ್ತು.

ಮರುದಿನ ನಾನು ಬಸ್ಸು ಹಿಡಿದು ಸಿದ್ದರಾಜುವಿನ ಊರಿಗೆ ಹೋದೆ. ಅವನು ಮನೆ ಮುಂದೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ತಲೆ ಪೂರಾ ನರೆತಿತ್ತು. ನನ್ನ ಗುರುತು ಹಿಡಿದು, "ಬನ್ನಿ ಸಾ" ಎಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ — ಚೀಲ, ಬಿಸಿಲು, ನಾಲೆ, ಆ ಮಾತು. ಕ್ಷಮಿಸು ಎನ್ನುವ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಅವನು ಅಷ್ಟರಲ್ಲಿ ಕೈಯೆತ್ತಿದ, ಮೂರು ಬೆರಳಿನ ಕೈ.

"ನಂಗ್ಯಾಕ್ ಯೋಳ್ತೀರಿ ಸಾ? ನಾನ್ ಕದ್ದಿಲ್ಲ ಅಂತ ನಂಗ್ ಗೊತ್ತಿಲ್ವಾ? ಗೊತ್ತಿಲ್ದೋರಿಗೆ ಓಗಿ ಯೋಳಿ."

ಅವನು ಹುಲ್ಲಿನ ಕಡೆಗೆ ತಿರುಗಿಕೊಂಡು ಮೆಲ್ಲಗೆ ಅಂದ: "ನಮ್ಮಪ್ಪ ಸಾಯಾಗಂಟ ಕೇಳ್ತಾನೇ ಇದ್ದ. ಎಲ್ ಮಡಗಿದ್ದೀಯ ಯೋಳ್ಬುಡ್ಲಾ, ಕೊಟ್ಬುಟ್ ಬರ್ತೀನಿ ಅಂತ."

ಮದ್ದೂರಿನಲ್ಲಿ ಆ ಭಾನುವಾರ ಒಂಬತ್ತು ಜನ ಸೇರಿದ್ದರು. ಹೊಸ ರೆಕಾರ್ಡು ತಿರುಗಲು ಸಿದ್ಧವಾಗಿತ್ತು. ಹಾಕಬೇಡ ಎಂದೆ. ಎದ್ದು ನಿಂತು ಹೇಳಿದೆ. ಮುಗಿಸಿದಾಗ ಹಲ್ಲಿನ ಡಾಕ್ಟರು ನೆಲ ನೋಡುತ್ತಾ, "ಹೋಗ್ಲಿ ಬಿಡಿ ಮೇಷ್ಟ್ರೇ, ಹಳೇ ವಿಷಯ. ಹಾಕಮ್ಮ ಶಾರದಾ, ಕೇಳೋಣ" ಎಂದರು.

ಶಾರದಾ ಹಾಕಲಿಲ್ಲ. "ಅಪ್ಪ ಆಸ್ಪತ್ರೇಲಿದ್ದಾಗ ಅವನನ್ನ ಕರ್ಸು ಅಂದ್ರು ಸಾರ್. ಕ್ಷಮಿಸಿದೀನಿ ಅಂತ ಹೇಳ್ಬೇಕು ಅಂದ್ರು. ನಾನು ಹೇಳಿಕಳಿಸ್ದೆ. ಅವನು ಬರಲಿಲ್ಲ. ಎಂಥ ಕೊಬ್ಬು ಇವನಿಗೆ ಅಂತ ಬೈಕೊಂಡೆ… ಎಷ್ಟು ಜನರ ಹತ್ರ ಹೇಳ್ಕೊಂಡೆ."

ಅವಳು ರೆಕಾರ್ಡನ್ನು ಕವರಿಗೆ ಹಾಕಿ ಒಳಗೆ ತೆಗೆದುಕೊಂಡು ಹೋದಳು. ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡರು. ನನ್ನನ್ನು ಯಾರೂ ಬೈಯಲಿಲ್ಲ. ಮಾತಾಡಿಸಲೂ ಇಲ್ಲ.

ಇದನ್ನು ಸಿದ್ದರಾಜುವಿಗೆ ಹೋಗಿ ಹೇಳಿದೆ. ಏನೋ ಮಾಡಿ ಮುಗಿಸಿದವನ ಹಾಗೆ ಹೇಳಿರಬೇಕು. ಅವನು ಕೇಳಿಸಿಕೊಂಡು, "ಮದ್ದೂರಲ್ ಯೋಳಿದ್ರಿ, ಸರಿ. ನಾನ್ ಬದ್ಕಿದ್ದು ಇಲ್ಲಿ ಅಲ್ವಾ ಸಾ? ಬೆಳಿಗ್ಗೆ ಡೇರಿ ತಾವ ಎಲ್ರೂ ಇರ್ತಾರೆ" ಎಂದ. ಅಷ್ಟು ಹೇಳಿ ಎಮ್ಮೆಯನ್ನು ನೀರಿಗೆ ಹೊಡೆದುಕೊಂಡು ಹೋದ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾನು ಆ ಊರಿನ ಹಾಲಿನ ಡೇರಿಯ ಮುಂದಿದ್ದೆ. ಮೂವತ್ತು ಜನ ಕ್ಯಾನು, ಚೊಂಬು ಹಿಡಿದು ಸಾಲಾಗಿ ನಿಂತಿದ್ದರು. ಹೇಗೋ ಹೇಳಿದೆ. ಕಿವಿ ಮಂದವಾದ ಮುದುಕರೊಬ್ಬರು ಮುಂದೆ ಬಂದು ಕೇಳಿದರು: "ಏನಂದ್ರಿ? ಯಾರ್ ಕದ್ದಿದ್ದು?"

"ನಾನು."

"ಆಂ?"

"ನಾನು ಕದ್ದಿದ್ದು" ಎಂದೆ, ಗಟ್ಟಿಯಾಗಿ. "ದೊಡ್ಡಯ್ಯನ ಮಗ ಅಲ್ಲ."

ಸಾಲಿನಲ್ಲಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ಚಪ್ಲೀಲಿ ಒಡ್ದಿದ್ನಂತಲ್ಲ ಮಗನ್ನ, ಅದು ಕಣಮ್ಮ" ಎಂದಳು. ಮುದುಕರು ನನ್ನನ್ನೇ ದಿಟ್ಟಿಸಿ, "ದೊಡ್ಡಯ್ಯ ಓಗ್ಬುಟ್ನಲ್ಲಪ್ಪ" ಎಂದರು.

ಸಿದ್ದರಾಜು ಸಾಲಿನಲ್ಲೇ ಇದ್ದ. ಅವನಿಗೆ ಮುಂದೆ ಹೋಗೆಂದು ಇಬ್ಬರು ದಾರಿ ಬಿಟ್ಟರು. ಅವನು ಹೋಗಲಿಲ್ಲ, ತನ್ನ ಸರದಿ ಬರುವತನಕ ಕಾದ. ಹಾಲು ಹುಯ್ದು, ಖಾಲಿ ಕ್ಯಾನು ತೆಗೆದುಕೊಂಡು, ನನ್ನ ಮುಂದೆಯೇ ಹಾದು ಹೋದ. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಕರೆಯಬೇಕೆನ್ನಿಸಿತು. ಕರೆಯಲಿಲ್ಲ. ಕರೆದಿದ್ದರೆ ಅವನು ನಿಲ್ಲುತ್ತಿದ್ದ, "ಏನ್ ಸಾ" ಎನ್ನುತ್ತಿದ್ದ, ಮತ್ತೆ ನನಗೇನು ಬೇಕೋ ಅದನ್ನು ಅವನೇ ಕೊಡಬೇಕಾಗುತ್ತಿತ್ತು.