ಅಕ್ಕೋರಿಗೆ ತೊಡೆದೇವು ಕೊಟ್ಟ ದಿನ

ಅಕ್ಕೋರು ಮೊದಲ ಸಲ ನಮ್ಮ ಮನೆಗೆ ಬಂದಾಗ ಅಮ್ಮ ಡಬ್ಬಿಯ ತಳದಲ್ಲಿ ಅಡಗಿಸಿಟ್ಟಿದ್ದ ತೊಡೆದೇವು ತೆಗೆದು, ಮೇಲೆ ಹಾಲು ತುಪ್ಪ ಹಾಕಿ ಕೊಟ್ಟಳು. ಕಬ್ಬಿನ ಹಾಲಿನಲ್ಲಿ ಮಾಡಿದ, ಕಾಗದದಷ್ಟು ತೆಳುವಾದ ಆ ಸಿಹಿ ನಮ್ಮ ಮನೆಯಲ್ಲಿ ಕಂಡಕಂಡವರಿಗೆ ಸಿಗುವುದಿಲ್ಲ. ಹೆತ್ತ ಮಗನಾದ ನನಗೇ ವರ್ಷಕ್ಕೆ ಎರಡು ಸಲ ಸಿಕ್ಕರೆ ಹೆಚ್ಚು. ಅಕ್ಕೋರಿಗೆ ಸಿಕ್ಕಿದ್ದು ಯಾಕೆಂದರೆ, ಅವರು ನನಗೊಂದು ಸಂಬಂಧ ತಂದಿದ್ದಾರೆ ಎಂದು ನಾವು ತಿಳಿದಿದ್ದೆವು.

ಹಾಗೆ ತಿಳಿದದ್ದು ಪೂರ್ತಿ ನಮ್ಮ ತಪ್ಪೂ ಅಲ್ಲ. ಕಾನಸೂರಿನಲ್ಲಿ ನನ್ನದೊಂದು ಸಣ್ಣ ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ವಯಸ್ಸು ಆಗ ಮೂವತ್ತೇಳು. ನಮ್ಮವರಲ್ಲಿ ಊರಲ್ಲೇ ಉಳಿದ ಗಂಡುಗಳಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಹಾವೇರಿ, ಧಾರವಾಡದ ಕಡೆಯಿಂದ ಸಂಬಂಧ ಕುದುರಿಸುವ ಹೆಂಗಸರು ನಮ್ಮೂರಿಗೂ ಬರತೊಡಗಿದ್ದರು. ಹೆಗಲಿಗೊಂದು ಚೀಲ, ಕೈಯಲ್ಲೊಂದು ಡೈರಿ, ಬಾಯಲ್ಲಿ ಬಯಲುಸೀಮೆಯ ಮಾತು. ಅಕ್ಕೋರ ಹತ್ತಿರ ಈ ಮೂರೂ ಇದ್ದವು. ಸ್ಕೂಟಿ ನಿಲ್ಲಿಸಿ, “ಮನೀ ಮಂದೀನ ಸ್ವಲ್ಪ ಮಾತಾಡ್ಸಬೇಕಿತ್ರಿ,” ಎಂದರು. ಅಮ್ಮ ಮುಂದಿನ ಮಾತಿಗೆ ಕಾಯಲೇ ಇಲ್ಲ. “ಬನ್ನಿ ಬನ್ನಿ, ಕುತ್ಗಳಿ, ಆಸ್ರಿಗೆ ಎಂತ ಕೊಡ್ಲಿ, ಚಾನಾ ಮಜ್ಜಿಗೆನಾ?” ಎನ್ನುತ್ತಲೇ ಪಕ್ಕದ ಕೋಣೆಯ ಬಾಗಿಲು ಎಳೆದಳು.

ಆ ಬಾಗಿಲ ಹಿಂದೆ ನನ್ನ ತಂಗಿ ಇದ್ದಳು.

ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿದ್ದರಿಂದ ಕೈಕಾಲು ಅವಳ ಮಾತು ಕೇಳುವುದಿಲ್ಲ, ನಡೆಯಲಾರಳು. ಮಾತು ಬರುತ್ತದೆ, ಆದರೆ ಒಂದೊಂದು ಶಬ್ದ ಹೊರಬೀಳಲು ಹೊತ್ತು ಹಿಡಿಯುತ್ತದೆ. ಬುದ್ಧಿ ಮಾತ್ರ ನನಗಿಂತ ಚುರುಕು. ಪೇಪರಿನ ಪದಬಂಧದಲ್ಲಿ ನಾನು ತಪ್ಪು ತುಂಬಿದರೆ ಇಡೀ ಮೈಯಿಂದ ನಗುತ್ತಾಳೆ. ಮದುವೆಯ ಮಾತಿಗೆಂದು ಯಾರಾದರೂ ಬಂದರೆ ಆ ಕೋಣೆಯ ಬಾಗಿಲು ಹಾಕುವುದು ನಮ್ಮ ಮನೆಯಲ್ಲಿ ರೂಢಿಯಾಗಿಹೋಗಿತ್ತು. ಹಾಕುವವಳು ಅಮ್ಮ, ಬೇಡ ಎನ್ನದವನು ನಾನು.

“ಮನ್ಯಾಗ ಎಷ್ಟ್ ಮಂದಿ ಇರ್ತೀರ್ರಿ?” ಅಕ್ಕೋರು ಕೇಳಿದರು.

“ಇಬ್ಬರೇ. ನಾನು, ಅಮ್ಮ,” ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅವರು ಡೈರಿಯಲ್ಲಿ ಏನೂ ಬರೆಯಲಿಲ್ಲ. ತೊಡೆದೇವನ್ನು ಹೊಗಳಿ ಹೊಗಳಿ ತಿಂದು, ಕೈ ತೊಳೆಯಲು ಹಿತ್ತಿಲ ಕಟ್ಟೆಗೆ ಹೋದರು. ಅಲ್ಲಿ ಪಾತ್ರೆಗಳ ನಡುವೆ ಒಂದು ಚಮಚ ಒಣಗುತ್ತಿತ್ತು. ತಂಗಿಯ ಬೆರಳಿಗೆ ಸಪೂರ ಹಿಡಿಕೆ ನಿಲ್ಲುವುದಿಲ್ಲ ಎಂದು ನಾನೇ ಅದಕ್ಕೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ದಪ್ಪ ಮಾಡಿದ್ದೆ. “ಇದನ್ನ ಯಾರು ಮಾಡ್ಯಾರ್ರಿ? ಭಾಳ ಛಲೋ ಆಗೇತಿ,” ಎಂದರು. “ನಾನೇ,” ಎಂದೆ, ಎದೆಯುಬ್ಬಿಸಿ. ದಡ್ಡತನಕ್ಕೂ ಒಂದು ಮಿತಿ ಬೇಡವೇ! ಯಾರಿಗೆಂದು ಅವರು ಕೇಳಲಿಲ್ಲ. ಗುರುವಾರ ಮತ್ತೆ ಬರುವುದಾಗಿ ಹೇಳಿ ಹೊರಟರು. ಎರಡನೇ ಸಲ ಬರುತ್ತಾರೆಂದರೆ ಕೆಲಸ ಆದ ಹಾಗೆಯೇ ಎಂದು ಅಮ್ಮನಿಗೆ ಖುಷಿಯೋ ಖುಷಿ.

ಮಧ್ಯಾಹ್ನ ತಂಗಿಗೆ ಊಟ ತೆಗೆದುಕೊಂಡು ಹೋದೆ. ಅವಳು ಗೋಡೆಯ ಕಡೆ ಮುಖ ಮಾಡಿದ್ದಳು. ಬಹಳ ಹೊತ್ತು ತೆಗೆದುಕೊಂಡು ಹೇಳಿದಳು, “ಮನೆಲಿ... ಇಬ್ರೇ ಅಲ್ದಾ? ನಿಂಗ ಇಬ್ರೇ... ಉಣ್ಣಿ.”

ಅಮ್ಮನೇ ಬಂದು ರಮಿಸಿ ಉಣ್ಣಿಸಿದಳು. ಬಾಗಿಲು ಹಾಕಿದ ಅಮ್ಮನನ್ನು ತಂಗಿ ಕ್ಷಮಿಸಿದಳು, ಬಾಗಿಲು ಅವಳಿಗೆ ಹೊಸದಲ್ಲ. ಅವಳು ಇಲ್ಲವೇ ಇಲ್ಲ ಎಂದು ಬಾಯಿಬಿಟ್ಟು ಹೇಳಿದವನು ಮಾತ್ರ ನಾನೊಬ್ಬನೇ. ದಿನಕ್ಕೆ ಇಪ್ಪತ್ತು ಸಲ ‘ಅಣ್ಣಾ’ ಎಂದು ಕರೆದು ಪ್ರಾಣ ತಿನ್ನುತ್ತಿದ್ದವಳು ಆ ಶಬ್ದವನ್ನೇ ಬಿಟ್ಟುಬಿಟ್ಟಳು. ನಾಚಿಕೆಪಡಬೇಕಾದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಈ ಸಲ ಅಕ್ಕೋರ ಮೇಲೆ ಬಂತು.

ಗುರುವಾರ ಅವರನ್ನು ಅಂಗಡಿಯಲ್ಲೇ ತಡೆದೆ. “ಹೆಣ್ಣು ಯಾವ ಊರಿಂದು, ಅದನ್ನಾದ್ರೂ ಹೇಳಿ,” ಎಂದೆ ಗಡುಸಾಗಿ. “ಯಾವ ಹೆಣ್ಣ್ರೀ?” ಎಂದು ಅವರು ಕಣ್ಣು ಬಿಟ್ಟರು. ಆಮೇಲೆ ವಿಷಯ ತಿಳಿದು ಅಕ್ಕಿಮೂಟೆಗೆ ಕೈಯೂರಿ ನಕ್ಕರು. ಅವರು ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. ಮನೆಮನೆ ಹುಡುಕಿಕೊಂಡು ಹೋಗಿ ಪ್ರಮಾಣಪತ್ರ, ಗಾಲಿಕುರ್ಚಿ, ಚಿಕಿತ್ಸೆ ಸಿಗುವ ಹಾಗೆ ಮಾಡುವುದು ಅವರ ಕೆಲಸ. ತಂಗಿಯ ಹೆಸರನ್ನು ಪಂಚಾಯಿತಿಯ ಅಂಗವಿಕಲರ ಪಟ್ಟಿಯಲ್ಲಿ ನೋಡಿಕೊಂಡೇ ಮೊದಲ ದಿನ ಬಂದಿದ್ದರು. ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ‘ಅಕ್ಕೋರು’ ಎನ್ನುತ್ತೇವೆ, ಮುಂದೆ ಅದೇ ಹೆಸರು ಇವರಿಗೂ ಅಂಟಿತು.

“ನಾನು ಸುಳ್ಳು ಹೇಳ್ತಿದ್ದೆ ಅಂತ ಗೊತ್ತಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಅವತ್ತ ಹಿಡದಿದ್ರ ಬಾಗ್ಲಾ ಇನ್ನೂ ಗಟ್ಟಿ ಹಾಕ್ಕೋತಿದ್ರಿ. ಚಮಚಾ ನೋಡಿದ್ನೆಲ್ಲ, ಈ ಮನ್ಯಾಗ ಆಕೀ ಮ್ಯಾಲ ಪ್ರೀತಿ ಕಡಿಮಿ ಇಲ್ಲ ಅಂತ ತಿಳೀತು,” ಎಂದರು. ನನ್ನ ಸಿಟ್ಟು ಅಲ್ಲಿಗೆ ಇಳಿದುಹೋಯಿತು.

ತಂಗಿಯ ಕೋಣೆಯ ಮುಂದೆ ನಿಂತು ಅವರು, “ಒಳಗ ಬರ್ಲೇನವಾ?” ಎಂದು ಕೇಳಿದರು. ಆ ಕೋಣೆಗೆ ಹೋಗಲು ನಾವು ಯಾರೂ ಅದುವರೆಗೆ ಅವಳನ್ನು ಕೇಳಿದವರಲ್ಲ. ತಂಗಿ ಬಾಯಿ ತೆರೆದಳು. ಅಭ್ಯಾಸದಂತೆ ನಾನೇ, “ಬನ್ನಿ ಅಂತಾಳೆ,” ಎಂದೆ. ಅಕ್ಕೋರು ಕೈ ಎತ್ತಿದರು. “ನೀವು ಸುಮ್ಕಿರ್ರಿ. ನನಗ ಪುರುಸೊತ್ತು ಐತಿ.” ಬಾಗಿಲಲ್ಲೇ ನಿಂತು ಕಾದರು. ಕೊನೆಗೆ ತಂಗಿ ಹೇಳಿದ್ದು ಬೇರೆಯೇ: “ಅಂವನ್ನ... ಬಿಟ್ಟಿಕ್ಕಿ... ಬನ್ನಿ.”

ನನ್ನನ್ನು ಹೊರಗೇ ಬಿಟ್ಟು ಅವರು ಒಳಗೆ ಹೋದರು.

ಪುರುಸೊತ್ತು ಇದೆ ಎಂದದ್ದು ಶುದ್ಧ ಸುಳ್ಳು ಎಂದು ನನಗೆ ಆಮೇಲೆ ಗೊತ್ತಾಯಿತು. ನಿಲ್ಕುಂದದಿಂದ ತ್ಯಾಗಲಿಗೆ, ಅಲ್ಲಿಂದ ಇನ್ನೆಲ್ಲಿಗೋ, ಊಟದ ಡಬ್ಬಿ ಬಿಚ್ಚಲೂ ಬಿಡುವಿಲ್ಲದ ಹೆಂಗಸು ಅವರು. ಆದರೂ ಹೋದ ಮನೆಯಲ್ಲೆಲ್ಲ ಹಾಗೇ ಹೇಳುತ್ತಾರಂತೆ. ಅವರು ಕೊಡಿಸಿದ ಪ್ರಮಾಣಪತ್ರ ದೊಡ್ಡದೇ, ಅಲ್ಲವೆನ್ನುವುದಿಲ್ಲ. ಅದಕ್ಕಿಂತ ದೊಡ್ಡದು, ತಂಗಿಯ ಒಂದು ಮಾತು ಮುಗಿಯುವ ತನಕ ಕಾಯಬಹುದು ಎಂದು ನಮಗೆ ತೋರಿಸಿದ್ದು. ಇಪ್ಪತ್ತೊಂಬತ್ತು ವರ್ಷ ಅವಳ ಜೊತೆಗಿದ್ದ ನಾನು, ಪ್ರೀತಿಯೆಂದು ತಿಳಿದು, ಅವಳ ಮಾತನ್ನೆಲ್ಲ ನಾನೇ ಆಡಿ ಮುಗಿಸಿದ್ದೆ.

ಅಕ್ಕೋರು ಬಂದಾಗೆಲ್ಲ ತಂಗಿಯ ಕೋಣೆಯಿಂದ ನಗು ಕೇಳುತ್ತಿತ್ತು. ನನ್ನ ಜೊತೆ ಮಾತ್ರ ಮೌನ. ಒಂದು ದಿನ ಬಾಗಿಲಲ್ಲಿ ನಿಂತು, “ಯಂದು ತಪ್ಪಾತು,” ಎಂದೆ. ಅವಳು ಪದಬಂಧದಿಂದ ತಲೆ ಎತ್ತಲಿಲ್ಲ. ನನ್ನ ಪರವಾಗಿ ಒಂದು ಮಾತು ಹೇಳಿ ಎಂದು ಅಕ್ಕೋರನ್ನು ಬೇಡಿಕೊಂಡೆ. “ಅದು ನನ್ನ ಡ್ಯೂಟಿ ಅಲ್ರಿ,” ಎಂದು ಸ್ಕೂಟಿ ಹತ್ತಿದರು. ಕಟುಕಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಒಂದೂವರೆ ತಿಂಗಳಾದ ಮೇಲೆ ಶಿರಸಿಯಲ್ಲಿ ಗಾಲಿಕುರ್ಚಿಯ ಶಿಬಿರ ನಡೆಯಿತು. ಬಾಡಿಗೆ ಓಮ್ನಿಯಲ್ಲಿ ತಂಗಿಯನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಕಿಟಕಿ ನೋಡಿದಳು, ನಾನು ಅವಳನ್ನು ನೋಡಿದೆ. ಅಕ್ಕೋರು ಮೊದಲೇ ಬಂದು ನಮ್ಮ ಪಾಳಿ ಹಿಡಿದಿಟ್ಟಿದ್ದರು. ಮೇಜಿನ ಹಿಂದೆ ಕುಳಿತ ಗುಮಾಸ್ತರು ಅರ್ಜಿ ತುಂಬುತ್ತ, “ಜೊತೆಗೆ ಬಂದವರು ನಿನಗೆ ಏನಾಗಬೇಕಮ್ಮ?” ಎಂದು ಕೇಳಿದರು.

ನನ್ನ ಬಾಯಿ ತಾನಾಗಿ ತೆರೆಯಿತು. ನಾನೇ ಮುಚ್ಚಿಕೊಂಡೆ.

ತಂಗಿಯ ಕತ್ತು ಬಿಗಿಯಿತು, ತುಟಿ ಅಲುಗಿತು, ಶಬ್ದ ಬರಲಿಲ್ಲ. ಗುಮಾಸ್ತರು ಪೆನ್ನು ಕುಟ್ಟಿದರು. “ಬೇಗ ಹೇಳಿ, ಹಿಂದೆ ಜನ ಇದ್ದಾರೆ.”

“ಹೇಳ್ತಾಳ, ತಡೀರಿ ಸಾಹೇಬ್ರ,” ಎಂದರು ಅಕ್ಕೋರು.

‘ಯಾರೂ ಅಲ್ಲ’ ಎನ್ನುವ ಹಕ್ಕು ಅವಳಿಗೆ ಪೂರ್ತಿ ಇತ್ತು. ಹಾಗೆಂದರೆ ಅಷ್ಟು ಜನರೆದುರು ತಲೆ ತಗ್ಗಿಸಿ ನಿಲ್ಲುವುದೊಂದೇ ನನಗೆ ಉಳಿದಿತ್ತು. ತಂಗಿ ನನ್ನ ಕಡೆ ತಿರುಗಿದಳು. ಅಷ್ಟು ದಿನಗಳಲ್ಲಿ ನನ್ನ ಮುಖ ನೋಡಿದ್ದು ಅದೇ ಮೊದಲು.

“ಯನ್ನ...” ಎಂದಳು. ಉಗುಳು ನುಂಗಿದಳು. “ಯನ್ನ ಅಣ್ಣ.”

ಗುಮಾಸ್ತರು ಬರೆದುಕೊಂಡರು. ನಾನು ಹೊರಗೆ ನಲ್ಲಿಯ ಹತ್ತಿರ ಹೋಗಿ ನಿಂತೆ, ನೀರು ಬಿಟ್ಟುಕೊಂಡು ಎಷ್ಟು ಹೊತ್ತು ನಿಂತೆನೋ. ಹಿಂದಿನಿಂದ ಅಕ್ಕೋರ ದನಿ ಕೇಳಿತು.

“ಮುಖ ತೊಳಕೊಂಡ್ ಲಗೂ ಬರ್ರಿ. ಅಳತಿ ನೋಡಾಕ ಆಕೀನ್ನ ಎತ್ತಿ ಕುರ್ಚ್ಯಾಗ ಕೂಡ್ರಿಸಬೇಕಂತ. ಬ್ಯಾರೇಯವ್ರು ಮುಟ್ಟೂದು ಬ್ಯಾಡ, ಅಣ್ಣನ್ನ ಕರೀರಿ ಅಂತ ಕುಂತಾಳ.”