ಅಮ್ಮ ಬೆಳ್ಳಗಾದ ಫೋಟೋ

"ಸ್ವಲ್ಪ ಬೆಳ್ಳಗೆ ಬರೋ ಹಾಗೆ ತೆಗೀರಿ" ಎಂದು ನಮ್ಮಮ್ಮ ಸ್ಟುಡಿಯೋದವನನ್ನು ಕೇಳಿಕೊಂಡಳು. ಅಪ್ಪ ಕನ್ನಡಿಯ ಮುಂದೆ ವಿಭೂತಿ ಸರಿಮಾಡಿಕೊಳ್ಳುತ್ತಿದ್ದಾಗ, ಅವರಿಗೆ ಕೇಳಿಸದ ಹಾಗೆ ಹೇಳಿದ್ದು. ಆದರೆ ನನಗೆ ಕೇಳಿಸಿತು. ಪಕ್ಕದ ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದರೂ ನನ್ನ ಕಿವಿಗೆ ಕೇಳಿಸುತ್ತದೆ.

"ಅಮ್ಮಾವ್ರೇ, ನನ್ನ ಕೈಲಿ ಇದ್ದಿಲೂ ಬೆಳದಿಂಗಳಾಗುತ್ತೆ" ಎಂದ ಅವನು. ಅಮ್ಮನಿಗೆ ಬಹಳ ಖುಷಿಯಾಯಿತು. ತನ್ನನ್ನೇ ಇದ್ದಿಲು ಅಂದನೆಂದು ಅವಳಿಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ನಾವಿರುವುದು ಭದ್ರಾವತಿಯಲ್ಲಿ. ಅಪ್ಪನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ. ನಮ್ಮೂರಿನ ಹೊಗೆಯಲ್ಲಿ ಹಾಲು ಕೂಡ ಬೆಳ್ಳಗಿರುವುದಿಲ್ಲ, ಆದ್ದರಿಂದ ಹೊಸ ಕ್ವಾರ್ಟರ್ಸಿನ ಗೋಡೆಗೆ ಹಾಕುವ ಫೋಟೋ ಶಿವಮೊಗ್ಗದಲ್ಲೇ ತೆಗೆಸಬೇಕೆಂದು ಅಮ್ಮನ ಹಟ. ಸ್ಟುಡಿಯೋದಲ್ಲಿ ಎರಡು ಕಡೆ ಕುಂಬಳಕಾಯಿ ಗಾತ್ರದ ಬಲ್ಬುಗಳು. ಹತ್ತಿಸಿದ ಕೂಡಲೇ ಅಪ್ಪನ ಷರಟು ಬೆನ್ನಿಗಂಟಿತು.

"ಏನ್ ಸೆಕೆ ಮಾರಾಯ! ನಮ್ಮ ಕುಲುಮೇನೇ ವಾಸಿ" ಎಂದರು. ನಗುವುದಕ್ಕೆ ಮೊದಲೇ ಅವನು ಕ್ಲಿಕ್ ಮಾಡಿಬಿಟ್ಟ.

ಮುಂದಿನ ವಾರ ಫೋಟೋ ತಂದವರು ನಮ್ಮ ಅತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಅವರು ನಮ್ಮ ಜೊತೆಗೇ ಇದ್ದಾರೆ. ಏನೋ ಕೆಲಸಕ್ಕೆಂದು ಶಿವಮೊಗ್ಗಕ್ಕೆ ಹೋಗಿದ್ದವರು ಬರುವಾಗ ಸ್ಟುಡಿಯೋಕ್ಕೂ ಹೋಗಿ ಬಂದಿದ್ದರು. ಅಪ್ಪ ಶಿಫ್ಟಿಗೆ ಹೋಗಿದ್ದರು. ಅಡುಗೆಮನೆಯ ಬಾಗಿಲಲ್ಲೇ ಕವರ್ ಬಿಚ್ಚಿ ನೋಡಿದೆವು.

ಅಮ್ಮ ಬೆಳ್ಳಗೆ ಬಂದಿದ್ದಳು. ಬರೀ ಬೆಳ್ಳಗಲ್ಲ, ಅಕ್ಕಿಹಿಟ್ಟಿನ ಡಬ್ಬಿಯೊಳಗೆ ಬಿದ್ದು ಎದ್ದ ಹಾಗೆ. ನಾನು ನಕ್ಕು, "ಅಪ್ಪನ ಪಕ್ಕ ಕೂತಿರೋ ಈ ದೊರೆಸಾನಿ ಯಾರಮ್ಮಾ?" ಎಂದೆ. ಅಮ್ಮ ನಾಚಿಕೊಂಡು ನನ್ನ ತಲೆಗೊಂದು ಮೊಟಕಿದಳು.

ಅತ್ತೆ ನಗಲಿಲ್ಲ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆ ಕಡೆ ವಾಲಿಸಿದರು, ಈ ಕಡೆ ವಾಲಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಏನೇ, ಅವತ್ತು ಹಣೆಗೆ ಇಟ್ಕೊಳ್ದೇ ಹೋಗಿದ್ಯಾ?"

ಅಮ್ಮ ಕುಂಕುಮವಿಲ್ಲದೆ ಹೋಗುವುದೆಂದರೇನು? ಅವಳದು ಮೇಣ ಹಚ್ಚಿ ಇಡುವ ಕಾಸಿನಗಲದ ಕುಂಕುಮ. ಬೀದಿಯ ಆ ತುದಿಯಿಂದ ಮೊದಲು ಕುಂಕುಮ ಕಾಣುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಕಾಣುತ್ತಾಳೆ. ಆ ಕಪ್ಪು-ಬಿಳುಪು ಫೋಟೋದಲ್ಲಿ ನೋಡಿದರೆ ಅಪ್ಪನ ಮೂರು ಎಳೆ ವಿಭೂತಿ ಇತ್ತು. ಅಮ್ಮನ ಮೂಗುತಿ ಇತ್ತು, ಜಡೆಗೆ ಮುಡಿದ ಹೂವಿತ್ತು. ಹಣೆ ಮಾತ್ರ ಬೋಳು.

ಅತ್ತೆ ತಮಗೇ ಗೊತ್ತಿಲ್ಲದೆ ತಮ್ಮ ಹಣೆ ಮುಟ್ಟಿಕೊಂಡರು. ಅಲ್ಲಿ ಬರೀ ವಿಭೂತಿ. ಅದನ್ನು ನೋಡಿದ ಅಮ್ಮನ ಮುಖದಿಂದ ರಕ್ತ ಇಳಿದುಹೋಯಿತು. ಆಗ ಅವಳು ನಿಜವಾಗಿಯೂ ಫೋಟೋದಲ್ಲಿದ್ದಷ್ಟೇ ಬೆಳ್ಳಗಾದಳು.

"ನಾನೇ ಕೇಳ್ದೆ ಅಕ್ಕಾ" ಎಂದಳು. "ಬೆಳ್ಳಗೆ ಮಾಡು ಅಂತ ನಾನೇ ಬಾಯ್ಬಿಟ್ಟು ಕೇಳ್ದೆ."

"ಹರಿದು ಒಲೆಗೆ ಹಾಕ್ಲಾ?" ಎಂದೆ ನಾನು.

"ಹುಚ್ಚುಮುಂಡೇದೆ! ಅದ್ರಲ್ಲಿ ನನ್ನ ತಮ್ಮ ಇದಾನೆ. ಅವನನ್ನ ಒಲೆಗೆ ಹಾಕ್ತೀಯಾ?"

"ಹಂಗಾದ್ರೆ ಇನ್ನೊಂದು ತೆಗೆಸೋಣ."

"ನಾನು ಆ ದೀಪದ ಮುಂದೆ ಇನ್ನು ಕೂರಲ್ಲ" ಎಂದಳು ಅಮ್ಮ. "ಒಂದ್ಸಲ ಕೂತಿದ್ದಕ್ಕೆ ಇದು ಹೋಯ್ತು. ಇನ್ನೊಂದ್ಸಲ ಕೂತ್ರೆ ಇನ್ನೇನು ಹೋಗುತ್ತೋ!"

ಇಟ್ಟುಕೊಳ್ಳುವಂತಿಲ್ಲ, ಬಿಸಾಡುವಂತಿಲ್ಲ. ಕೊನೆಗೆ ಅಮ್ಮ ದೇವರ ಮುಂದಿನ ಭರಣಿ ತಂದು, ಫೋಟೋವನ್ನು ನೆಲದ ಮೇಲೆ ಮಲಗಿಸಿ, ಹಣೆಯ ಜಾಗಕ್ಕೆ ಚಿಟಿಕೆ ಕುಂಕುಮವಿಟ್ಟಳು. ಚೆನ್ನಾಗಿಯೇ ಕಂಡಿತು. ಉಸಿರು ಬಿಟ್ಟು ಫೋಟೋ ಎತ್ತಿದಳು. ಆ ನುಣುಪು ಕಾಗದದ ಮೇಲಿಂದ ಕುಂಕುಮವೆಲ್ಲ ಜಾರಿ ಅಪ್ಪನ ಮಡಿಲ ಮೇಲೆ ಹಾದು ನೆಲಕ್ಕೆ ಬಿತ್ತು.

ನನಗೂ ತಮಾಷೆ ಹೊಳೆಯಲಿಲ್ಲವೆಂದರೆ ಪರಿಸ್ಥಿತಿ ಎಷ್ಟು ಕೆಟ್ಟಿತ್ತೆಂದು ನೀವೇ ಲೆಕ್ಕ ಹಾಕಿ. ಕಾರ್ಖಾನೆಯ ಸೈರನ್ ಕೂಗಿದಾಗ ಅಮ್ಮ ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ಸೈಕಲ್ಲುಗಳು ಒಂದೊಂದಾಗಿ ಬಂದವು. ಅಪ್ಪನೂ ಬಂದರು. ಅವರನ್ನು ತಲೆಯಿಂದ ಕಾಲಿನವರೆಗೆ ಮುಟ್ಟಿ ನೋಡಿದಳು.

"ಏನೇ, ಸಂತೇಲಿ ಎತ್ತು ನೋಡಿದಂಗೆ ನೋಡ್ತೀಯಾ?" ಎಂದರು ಅಪ್ಪ. ಅವರಿಗೆ ಫೋಟೋದ ಸುದ್ದಿ ಹೇಳಬಾರದೆಂದು ಅತ್ತೆಯ ಅಪ್ಪಣೆಯಾಗಿತ್ತು.

ಮಾರನೆಯ ದಿನ ಅಪ್ಪ ಕೆಲಸಕ್ಕೆ ಹೋದ ಕೂಡಲೇ ನಾನು, ಅಮ್ಮ ಶಿವಮೊಗ್ಗದ ಬಸ್ಸು ಹತ್ತಿದೆವು. ಸ್ಟುಡಿಯೋದವನು ಫೋಟೋ ನೋಡಿ ಹೆಮ್ಮೆಯಿಂದ, "ನೋಡಿ, ಹೇಗೆ ಬಂದಿದೆ!" ಎಂದ.

"ಕುಂಕುಮ ಎಲ್ಲಿ ಸ್ವಾಮಿ?"

ಅವನು ಕಣ್ಣು ಕಿರಿದು ಮಾಡಿ ನೋಡಿದ. "ಓ, ಅದಾ? ಬಲ್ಬಿನ ಬೆಳಕಲ್ಲಿ ಕೆಂಪು ಬಣ್ಣ ಬೆಳ್ಳಗಾಗಿಬಿಡುತ್ತೆ. ಅದು ಸಾಲ್ದು ಅಂತ ನೀವು ಬೇರೆ ಬೆಳ್ಳಗೆ ಮಾಡು ಅಂದ್ರಿ. ಇರ್ಲಿ ಬಿಡಿ, ಸ್ವಲ್ಪ ಗಾಢವಾಗಿ ಪ್ರಿಂಟ್ ಹಾಕಿ ಕೊಡ್ತೀನಿ. ಬನ್ನಿ ಒಳಗೆ, ಕಣ್ಣಾರೆ ನೋಡಿ."

ಫೋಟೋ ತೊಳೆಯುವ ಡಾರ್ಕ್ ರೂಮಿನಲ್ಲಿ ಹುಳಿ ವಾಸನೆ. ಬಾಗಿಲು ಹಾಕಿ ಕೆಂಪು ಬಲ್ಬು ಹತ್ತಿಸಿದ. ಟ್ರೇಯ ಔಷಧಿ ನೀರಿನಲ್ಲಿ ಬಿಳಿ ಕಾಗದ ಮುಳುಗಿಸಿ ಅಲ್ಲಾಡಿಸಿದ. ಮೊದಲು ಅಪ್ಪನ ಮೀಸೆ ಬಂತು, ಅದರ ಹಿಂದೆ ಅಪ್ಪ ಬಂದರು. ಈ ಚಮತ್ಕಾರವನ್ನು ತರಗತಿಯಲ್ಲಿ ಹೇಗೆ ಬಣ್ಣ ಕಟ್ಟಿ ಹೇಳಬೇಕೆಂದು ಯೋಚಿಸುತ್ತ ಅಮ್ಮನ ಕಡೆ ತಿರುಗಿದೆ.

ಅಮ್ಮನ ಹಣೆಯಲ್ಲಿ ಕುಂಕುಮವಿರಲಿಲ್ಲ.

ಫೋಟೋದ ಅಮ್ಮನಲ್ಲ, ನನ್ನ ಪಕ್ಕ ನಿಂತಿದ್ದ ಅಮ್ಮ. ಆ ಕೆಂಪು ಬೆಳಕಿನಲ್ಲಿ ಮುಖವೆಲ್ಲ ಬೆಳ್ಳಗೆ, ತುಟಿ ಬೆಳ್ಳಗೆ, ಹಣೆ ನುಣ್ಣಗೆ. ಬೆಳಗ್ಗೆ ಅವಳು ಎರಡೆರಡು ಸಲ ಒತ್ತಿ ಇಟ್ಟುಕೊಂಡಿದ್ದನ್ನು ನಾನೇ ನೋಡಿದ್ದೆ. ಕೂಗಿದರೆ ಅವಳಿಗೆ ತಿಳಿಯುತ್ತದೆ. ಕೂಗದಿದ್ದರೆ ನನಗೆ ಉಸಿರು ಬರುವುದಿಲ್ಲ. ಭದ್ರಾವತಿಯಲ್ಲಿ ಈ ಹೊತ್ತಿಗೆ ಅಪ್ಪ ಎಲ್ಲಿ ನಿಂತಿರಬಹುದು, ಕುಲುಮೆಗೆ ಎಷ್ಟು ಹತ್ತಿರ ಎಂದು ಯೋಚನೆ ಹೋಯಿತು. ಅಮ್ಮನ ಸೆರಗು ಹಿಡಿದುಕೊಂಡೆ.

ಬಾಗಿಲು ತೆಗೆದ ಮೇಲೆ ಮೊದಲು ಅವಳ ಹಣೆ ನೋಡಿದೆ. ಕುಂಕುಮ ಅಲ್ಲೇ ಇತ್ತು, ಕಾಸಿನಗಲ. ಬೆಳಕಿನ ಆಟವೆಂದು ಬುದ್ಧಿಗೆ ಗೊತ್ತಾಯಿತು. ಆದರೂ ಸೆರಗು ಬಿಡಲಿಲ್ಲ. ಈ ವಿಷಯ ಇವತ್ತಿನವರೆಗೂ ಅವಳಿಗೆ ಹೇಳಿಲ್ಲ.

ಹೊಸ ಪ್ರಿಂಟಿನಲ್ಲಿ ಅಪ್ಪ ಬಾಣಲೆಯ ತಳದಂತಿದ್ದರು. ಅಮ್ಮ ಅದೇ ಬಾಣಲೆಯ ಹಿಡಿಯಂತಿದ್ದಳು. ಕುಂಕುಮ ಇದೆ ಎಂದರೆ ಇದೆ, ಇಲ್ಲವೆಂದರೆ ಇಲ್ಲ.

"ಬೇಜಾರು ಬೇಡಿ ಅಮ್ಮಾವ್ರೇ" ಎಂದ ಸ್ಟುಡಿಯೋದವನು. "ಮೊದಲಿನ ಫೋಟೋ ಕೊಡಿ, ಬೆಳ್ಳಗಿದೆಯಲ್ಲ, ಅದರ ಮೇಲೆ ಒಂದು ಚುಕ್ಕೆ ಇಟ್ಟುಬಿಡ್ತೀನಿ. ಬ್ರಹ್ಮನಿಗೂ ಗೊತ್ತಾಗಲ್ಲ."

ಸಪೂರ ಬ್ರಷ್ಷನ್ನು ಕಪ್ಪು ಮಸಿಯಲ್ಲಿ ಅದ್ದಿ, ತುದಿಯನ್ನು ಚೂಪು ಮಾಡಿಕೊಂಡು ಅಮ್ಮನ ಹಣೆಯ ಮೇಲೆ ಬಗ್ಗಿದ. ಅಮ್ಮ ಫೋಟೋ ಕಿತ್ತುಕೊಂಡ ರಭಸಕ್ಕೆ ಮಸಿ ಅವನ ಮೂಗಿಗೆ ಹತ್ತಿತು.

"ತಡೀರಿ! ನೀವ್ಯಾರು ನನ್ನ ಹಣೆಗಿಡೋಕೆ?"

"ಅಯ್ಯೋ, ಇದು ಕಾಗದ ಕಣ್ರೀ!"

"ಕಾಗದಾನೇ ಆಗ್ಲಿ. ಹಣೆ ನಂದು."

ಅವನು ಮೂಗು ಒರೆಸಿಕೊಂಡು ನನ್ನ ಮುಖ ನೋಡಿದ. ನನಗೂ ಅಮ್ಮ ಹೇಳಿದ್ದೇ ಸರಿಯೆನಿಸಿತು. ಕೊನೆಗೆ ಬ್ರಷ್ಷು, ಪುಟ್ಟ ಸೀಸೆಯಲ್ಲಿ ಮಸಿ ಕೊಟ್ಟು, "ಒಂದೇ ಸಲಕ್ಕೆ ಇಡ್ಬೇಕು. ತಪ್ಪಿದ್ರೆ ಅಳಿಸೋಕಾಗಲ್ಲ" ಎಂದು ಹೆದರಿಸಿ ಕಳಿಸಿದ.

ಚುಕ್ಕೆಯನ್ನು ಅಪ್ಪನೇ ಇಡಬೇಕೆಂದಳು ಅಮ್ಮ, ಹಾಗಾಗಿ ಸಂಜೆ ಅವರಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಮಗೆಲ್ಲ ತಲೆ ಕೆಟ್ಟಿದ್ಯಾ? ಫೋಟೋದವನು ಬಲ್ಬು ಜಾಸ್ತಿ ಹಾಕಿದ್ರೆ ನಾನ್ ಸಾಯ್ತೀನಾ?"

"ಬಿಡ್ತು ಅನ್ನೋ!" ಎಂದು ಅತ್ತೆ ಕಿರುಚಿದರು. ಅವರ ಕಣ್ಣಲ್ಲಿ ನೀರಿತ್ತು. ಅಪ್ಪ ಅಕ್ಕನ ಹಣೆ ನೋಡಿದರು, ಅಮ್ಮನ ಮುಖ ನೋಡಿದರು. ನಗು ಅಲ್ಲಿಗೇ ನಿಂತಿತು. ಎದ್ದು ಹೋಗಿ ಕೈಕಾಲು ತೊಳೆದು ಬಂದರು.

ಫೋಟೋವನ್ನು ಮಣೆಯ ಮೇಲಿಟ್ಟೆವು. ಫೋಟೋದ ಅಮ್ಮನ ಹಣೆ ಅಪ್ಪನ ಹೆಬ್ಬೆರಳ ಉಗುರಿನಷ್ಟೂ ಇರಲಿಲ್ಲ. ಕರಗಿದ ಕಬ್ಬಿಣದ ಪಕ್ಕ ದಿನವೂ ನಿಲ್ಲುವ ಅಪ್ಪ, ನಾಲ್ಕು ಕೂದಲಿನ ಬ್ರಷ್ಷು ಹಿಡಿದು ಬೆವರಿದರು. ಒಮ್ಮೆ ಹತ್ತಿರ ಒಯ್ದು ಹಿಂದಕ್ಕೆ ತೆಗೆದರು.

"ಉಸಿರಾಡ್ಬೇಡ್ರೇ ಯಾರೂ" ಎಂದರು.

ಇಟ್ಟರು. ಚುಕ್ಕೆ ಸ್ವಲ್ಪ ಎಡಕ್ಕೆ, ಸ್ವಲ್ಪ ದಪ್ಪಗೆ ಕೂತಿತು. ದೊರೆಸಾನಿಯ ಹಣೆಯ ಮೇಲೆ ನೊಣ ಕೂತ ಹಾಗಿತ್ತು. ಹಾಗೆಂದು ಹೇಳಲು ನಾಲಿಗೆ ತುದಿಗೆ ಬಂದಿತ್ತು, ಹೇಳಲಿಲ್ಲ. ಮಸಿ ಇನ್ನೂ ಹಸಿಯಾಗಿತ್ತು; ಅಮ್ಮ ಫೋಟೋವನ್ನು ಎತ್ತದೆ, ಮಣೆಯ ಸಮೇತ ದೇವರ ಮುಂದೆ ಸರಿಸಿದಳು.

ಬೆಳಗ್ಗೆ ಅಪ್ಪ ಸೈಕಲ್ಲಿನ ಹ್ಯಾಂಡಲಿಗೆ ಬುತ್ತಿ ಸಿಕ್ಕಿಸಿ ಹೊರಟರು. ಗೇಟಿನವರೆಗೆ ಹೋದವರು ನಿಂತರು. ಸೈಕಲ್ಲನ್ನು ಗೋಡೆಗೆ ಒರಗಿಸಿ ವಾಪಸು ಬಂದು, ಬೀದಿಯವರಿಗೆ ಕೇಳಿಸದ ಹಾಗೆ ಬಾಗಿಲಲ್ಲಿ ಬಗ್ಗಿ ಕೇಳಿದರು:

"ಅದು ಒಣಗಿದ್ಯಾ?"