ಮುಯ್ಯಿಗೆ ಒಲ್ಲೆ ಅಂದ ಮನೆಗಳು

ಜೋಳದ ತೆನೆ ಮುರಿಯುವ ಕಾಲಕ್ಕೆ ನಮ್ಮಲ್ಲಿ ಕೂಲಿಯ ಮಾತೇ ಇರಲಿಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದಕ್ಕೆ ಮುಯ್ಯಿ ಅನ್ನುತ್ತಿದ್ದೆವು. ಈಗ ತಾಂಬಾ ಊರಿಗೆ ಫೋನ್ ಮಾಡಿದರೆ ಯಂತ್ರ ಬರುತ್ತದೆ, ಮಧ್ಯಾಹ್ನದೊಳಗೆ ಹೊಲ ಬಯಲು. ಕೆಟ್ಟದ್ದು ಅನ್ನುವುದಿಲ್ಲ, ನನ್ನ ಸೊಂಟಕ್ಕೂ ಅದೇ ಚಲೋ. ಆದರೆ ಯಂತ್ರದ ಜೊತೆ ಕೂತು ಉಣ್ಣಲು ಬರುವುದಿಲ್ಲ.

ಅಮೆರಿಕದವರು ಇರಾಕಿನ ಮೇಲೆ ಎರಡನೇ ಸಲ ಏರಿಹೋದರಲ್ಲ, ಆ ವರ್ಷದ ಸುಗ್ಗಿ. ನಮ್ಮ ಹೊಲಕ್ಕೆ ಹತ್ತಿದ್ದೇ ನನ್ನ ಗೆಳತಿಯ ಹೊಲ. ಮುಸಲ್ಮಾನರ ಮನೆಯವಳು, ನನಗಿಂತ ಸಣ್ಣವಳು, ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಅವಳ ಒಬ್ಬನೇ ಮಗ ಕುವೈತಿನಲ್ಲಿ ನೀರಿನ ಟ್ಯಾಂಕರ್ ಹೊಡೆಯುತ್ತಿದ್ದ. ಇರಾಕು ಅಲ್ಲಿಂದ ಗಡಿ ದಾಟಿದರೆ ಸಾಕಂತೆ. ಊರಿಗೆ ಹೋಗುವವರು ಈಗಲೇ ಹೋಗಿ, ಆದರೆ ನೌಕರಿ ಹಿಡಿದಿಡುವುದಿಲ್ಲ ಅಂತ ಅವನ ಮಾಲೀಕ ಹೇಳಿದ್ದ. ಮಗ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡಿ, "ಶುಕ್ರವಾರ ಮತ್ತ ಮಾಡ್ತೇನಿ, ನೀ ಬಾ ಅಂದ್ರ ಬರ್ತೇನಿ" ಅಂದಿದ್ದ. ಆ ಒಂದು ಮಾತು ಇವಳ ತಲೆಯ ಮೇಲೆ ಬಿತ್ತು. ಅವಳು ತೆನೆಯ ಜೊತೆ ದಂಟನ್ನೂ ಮುರಿದು ತೆನೆಯ ಗುಡ್ಡೆಗೆ ಒಗೆಯುತ್ತಿದ್ದಳು.

ಬುತ್ತಿ ಬಿಚ್ಚುವ ಹೊತ್ತಿಗೆ ಬಾಜೂ ಹೊಲದ ನಿವೃತ್ತ ಮಾಸ್ತರರು ಪೇಪರ್ ಹಿಡಿದು ಬೇವಿನ ಗಿಡದ ನೆರಳಿಗೆ ಬರುತ್ತಿದ್ದರು. ಓದಿ ಹೇಳುವುದು ಅವರ ಕೆಲಸ, ರೊಟ್ಟಿ ಕೊಡುವುದು ನಮ್ಮದು.

"ಫ್ರಾನ್ಸ್ ಒಲ್ಲೆ ಅಂದೈತಿ, ಜರ್ಮನಿನೂ ಒಲ್ಲೆ ಅಂದೈತಿ" ಅಂದರು ಮಾಸ್ತರರು. "ಬ್ರಿಟನ್‌ದವ್ರು ಹೋಗೂಣು ಅಂತಾರ. ಸ್ಪೇನ್‌ದವ್ರೂ ಅವ್ರ ಕಡೆ. ಯುರೋಪ ಎರಡು ಹೋಳಾಗೇತಿ."

"ಅವ್ರು ಎಲ್ಲಾರೂ ಒಂದ ಅಂತ ನೀವ ಹೇಳಿದ್ರಲ್ರಿ?" ಅಂದೆ ನಾನು.

"ಭಾಳ ಮಂದಿ ಕೂಡಿ ರೊಕ್ಕ ಒಂದ ಮಾಡ್ಯಾರ. ಮಾತು ಇನ್ನೂ ಒಂದ ಆಗಿಲ್ಲ."

ಗೆಳತಿಯ ಮುಖ ಅರಳಿತು. "ಸಾಕ್ ಬಿಡ್ರಿ ಮಾಸ್ತರ್ರ. ಅಂಥಾ ದೊಡ್ಡ ಮನಿಯವ್ರ ಒಲ್ಲೆ ಅಂದ್ ಮ್ಯಾಲ ಯುದ್ಧ ಹೆಂಗ ಆಕ್ಕೈತಿ? ನಮ್ಮೊಳಗ ಎರಡು ಮನಿ ಮುಯ್ಯಿಗಿ ಬರೂದಿಲ್ಲ ಅಂದ್ರ ಯಾರರ ಹೊಲಕ್ಕ ಇಳೀತಾರೇನು? ನನ್ನ ಮಗ ಅಲ್ಲೇ ಇರ್ಲಿ."

ಉಳಿದ ಹೆಂಗಸರೆಲ್ಲ ಹೌದು ಹೌದು ಅಂದರು. ನಮ್ಮ ಲೆಕ್ಕ ಹಾಗೇ ಇತ್ತು. ಮುಯ್ಯಿಗೆ ಬರುವ ಮನೆಗಳಲ್ಲಿ ಎರಡು ಹಿಂದೆ ಸರಿದರೆ ಕೆಲಸ ನಿಂತಂತೆಯೇ. ಅವರ ಮನೆಗೆ ಹೋಗಿ, ಮನವೊಲಿಸಿ, ಆಮೇಲೆ ಹೊಲ. ನಾನು ಮಾತ್ರ ಬಾಯಿ ಮುಚ್ಚಲಿಲ್ಲ.

"ಹುಚ್ಚಿ, ಗೌಡ್ರು ಹೋದ್ ವರ್ಷ ಏನ್ ಮಾಡಿದ್ರು? ನಾವು ಬರೂದಿಲ್ಲ ಅಂದಿವಿ. ಸಿಂದಗಿಯಿಂದ ಟ್ರ್ಯಾಕ್ಟರ್ ತುಂಬ ಆಳು ತರಿಸಿ ರಾಶಿ ಮಾಡಿಕೊಂಡ್ರಿಲ್ಲ? ನಮ್ಮನ್ನ ಕರ್ದಿದ್ದು ಮರ್ಯಾದಿಗಿ, ಕೆಲಸಕ್ಕಲ್ಲ. ಅಮೆರಿಕಾನೂ ಹಂಗ. ಯುರೋಪದವ್ರು ಬಂದ್ರ ಬಂದ್ರು, ಬರ್ಲಿಲ್ಲಂದ್ರ ಬಿಟ್ರು."

"ನಿನ್ನ ಬಾಯಾಗ ಒಂದ್ ದಿನರ ಚಲೋ ಮಾತು ಬಂದೈತೇನು ಅಕ್ಕಾ?"

"ಚಲೋ ಮಾತು ಬೇಕಂದ್ರ ಮಾಸ್ತರ್ರ ಕಡೆ ಹೋಗು. ಮಗ ಬೇಕಂದ್ರ ಕರಸ್ಕೊ."

ಮಾಸ್ತರರು ಪೇಪರ್ ಮಡಚಿ, "ಈಕಿ ಅನ್ನೂದು ಖರೇ ಇರಬೇಕು" ಅಂದರು, ಇನ್ನೊಂದು ರೊಟ್ಟಿಗೆ ಕೈ ಚಾಚಿದರು.

ಶುಕ್ರವಾರ ಎಸ್‌ಟಿಡಿ ಅಂಗಡಿಗೆ ಅವಳ ಜೊತೆ ನಾನೂ ಹೋದೆ. ಫೋನ್ ಬಂತು. ಹೆಂಗಿದ್ದಿ, ಉಂಡಿ ಏನು, ಒಂದೂ ಕೇಳಲಿಲ್ಲ ಅವಳು. "ಬಾ" ಅಂದಳು, ಇಟ್ಟುಬಿಟ್ಟಳು. ದಾರಿಯುದ್ದಕ್ಕೂ ನನಗಿಂತ ಮುಂದೆ ಮುಂದೆ ನಡೆದಳು.

ಯುದ್ಧ ಶುರುವಾಯಿತು ಅಂತ ಮಾಸ್ತರರು ಬದುವಿನ ಮೇಲಿಂದಲೇ ಕೂಗಿ ಹೇಳಿದ ದಿನ ಅವನು ತಾಯಿಯ ಹೊಲದಲ್ಲಿ ನಮ್ಮ ಸಾಲಿನಲ್ಲೇ ಇದ್ದ. ಸ್ಟೇರಿಂಗ್ ಹಿಡಿದ ಕೈ, ಜೋಳದ ಒಣ ಎಲೆಯ ರವದಿಗೆ ಕೊಯ್ದುಕೊಂಡು ರಕ್ತ ಬಂದಿತ್ತು. ಅವಳು ತಲೆ ಎತ್ತಲಿಲ್ಲ. "ನೀರು ಕುಡದು ಬಾ, ಹೋಗು" ಅಂದಳು ಅವನಿಗೆ.

ಆಮೇಲೆ ಕುವೈತಿಗೆ ಅಂಥದ್ದೇನೂ ಆಗಲಿಲ್ಲ. ಅವನ ಜೊತೆಯವರು ಅಲ್ಲೇ ಉಳಿದು ಮನೆ ಕಟ್ಟಿಸಿದರು. ಇವನು ಇಂಡಿ ಮಾರ್ಕೆಟ್ಟಿಗೆ ಲಿಂಬೆಕಾಯಿಯ ಟೆಂಪೊ ಹೊಡೆದ. ಅವಳು ಸಾಯುವ ತನಕ ನನಗೆ ಅದನ್ನೇ ಎತ್ತಿ ಆಡಿ ತೋರಿಸಿದಳು.

"ನಿನ್ನ ಮಾತು ಕೇಳಿ ಕುವೇತ್ ಕಳಕೊಂಡ್ನಿ ಅಕ್ಕಾ."

"ಮತ್ತ ಕಳಸು, ಯಾರು ಬ್ಯಾಡ ಅಂದಾರ?"

"ಒಲ್ಲೆ" ಅನ್ನುತ್ತಿದ್ದಳು. ಅಂಗಳದಲ್ಲಿ ಟೆಂಪೊ ತೊಳೆಯುತ್ತಿದ್ದ ಮಗನನ್ನು ಉಣ್ಣಲು ಕರೆಯುತ್ತಿದ್ದಳು.